ಮೂವತ್ತೊಂದನೇ ಚಿತ್ರ

ಕ್ಯಾಮೆರಾ ಸಿಕ್ಕಿದ್ದು ಭಾಗವ್ವನ ಬಟ್ಟೆಯ ಗಂಟಿನಲ್ಲಿ. ಹುಡುಕಿ ತೆಗೆದವನು ಪಕ್ಕದ ಮನೆಯ ಹುಡುಗ ಕ್ಲಾಯ್ಡ್.

ಶಿರ್ವದ ಆ ಮನೆಯಲ್ಲಿ ಭಾಗವ್ವ ಏಳು ವರ್ಷದಿಂದ ಕೆಲಸಕ್ಕಿದ್ದಳು. ಈಗ ಅಂಗಳದಲ್ಲಿ ತಲೆತಗ್ಗಿಸಿ ಕುಳಿತಿದ್ದಳು.

"ನಾ ಮುಟ್ಟಿಲ್ರೀ," ಅಂದಳು.

ಎಸ್‌ಐ ಶಶಿಕಲಾ ಕ್ಯಾಮೆರಾ ಕೈಗೆತ್ತಿಕೊಂಡರು. ಹಳೆಯ ಜಪಾನೀ ರೀಲ್ ಕ್ಯಾಮೆರಾ. ಕಪ್ಪು ಚರ್ಮದ ಹೊದಿಕೆ, ಬೆಳ್ಳಿ ಬಣ್ಣದ ಲೋಹ, ಕೈತುಂಬುವ ತೂಕ. ಇಂಥದ್ದನ್ನು ನೋಡಿದರೆ ಯಾರಿಗಾದರೂ ಆಸೆಯಾಗಬೇಕು.

"ನಮ್ಮವರದ್ದು," ಎಂದರು ಮನೆಯೊಡತಿ ಎಸ್ತರ್. "ಅವರು ಹೂಡೆಯ ಹೊಳೆಯಲ್ಲಿ ಮುಳುಗಿದ ದಿನ ದಡದಲ್ಲಿ ಇದೊಂದೇ ಸಿಕ್ಕಿದ್ದು. ಒಳಗೆ ರೀಲು ಉಂಟು. ಫೋಟೋ ಎಣಿಸುವ ಅಂಕಿ ಮೂವತ್ತೊಂದರಲ್ಲಿ ನಿಂತಿದೆ, ದಿನಾ ನೋಡ್ತಿದ್ದೆ. ಇಗರ್ಜಿಯಲ್ಲಿ ಅವರ ತಿಂಗಳ ಪೂಜೆ ಮುಗಿದ ಮೇಲೆ ನಾಳೆ ಮಣಿಪಾಲದ ಸ್ಟುಡಿಯೋದಲ್ಲಿ ತೊಳೆಸುವ ಅಂತ ಇದ್ದೆ."

ಶಶಿಕಲಾ ಅಂಕಿ ನೋಡಿದರು. ಸೊನ್ನೆ. ಹೆಬ್ಬೆರಳಿನಿಂದ ಅದನ್ನು ಮುಚ್ಚಿ ಹಿಡಿದರು.

"ನಿಮಗೆ ಇದರ ಬಗ್ಗೆ ಗೊತ್ತಾ?" ಎಂದು ಕ್ಲಾಯ್ಡ್‌ನನ್ನು ಕೇಳಿದರು.

"ಅಂಕಲ್ ಕಲಿಸಿದ್ದು, ಮೇಡಮ್. ಈಗ ಮದುವೆ ಫೋಟೋ ತೆಗೀತೇನೆ. ಅವರು ಹೋದ ದಿನವೂ ಕಾಪುವಿನಲ್ಲಿ ಮದುವೆ ಇತ್ತು."

* * *

ಶಶಿಕಲಾ ಸುಡುಬಿಸಿಲಿಗೆ ಬಂದು ನಿಂತರು.

"ಒಳಗೆ ಎಂತ ಉಂಟು ನೋಡುವ," ಎಂದು ಕ್ಯಾಮೆರಾದ ಮುಚ್ಚಳ ತೆರೆಯುವ ಗುಂಡಿಗೆ ಬೆರಳಿಟ್ಟರು.

ಎಸ್ತರ್ ಓಡಿ ಬಂದು ಕ್ಯಾಮೆರಾವನ್ನು ಸೆರಗಿನಲ್ಲಿ ಮುಚ್ಚಿದರು. "ಬೇಡ ಮೇಡಮ್, ಬೆಳಕು ಬಿದ್ದರೆ ಎಲ್ಲ ಹೋಯಿತು."

ಕ್ಲಾಯ್ಡ್ ಜಗಲಿಯ ಕುರ್ಚಿಯಿಂದ ಅಲುಗಲಿಲ್ಲ.

* * *

"ಮುಚ್ಚಳ ತೆರೆದರೆ ಮಾತ್ರ ಅಂಕಿ ಸೊನ್ನೆಗೆ ಬರುತ್ತದೆ," ಎಂದರು ಶಶಿಕಲಾ. "ರೀಲು ಆಗಲೇ ಹೋಗಿದೆ. ಮಾರಲು ಕದ್ದವರಿಗೆ ರೀಲು ಯಾಕೆ? ಎಸ್ತರ್ ಅವರಿಗೆ ಅದು ಗೊತ್ತಿರಲಿಲ್ಲ, ಓಡಿ ಬಂದರು. ಬೆಳಕು ಬಿದ್ದರೆ ಏನಾಗುತ್ತದೆ ಎಂದು ಬಲ್ಲ ನೀನು, ಕ್ಲಾಯ್ಡ್, ಸುಮ್ಮನೆ ಕೂತಿದ್ದೆ. ಕ್ಯಾಮೆರಾ ಖಾಲಿ ಎಂದು ನಿನಗೆ ಗೊತ್ತಿತ್ತು. ಅದನ್ನು ಗಂಟಿಗೆ ಸೇರಿಸಿದವನೂ ನೀನೇ. ಕೊನೆಯ ಚಿತ್ರದಲ್ಲಿ ಯಾರಿದ್ದಾರೆ?"

 ಕ್ಲಾಯ್ಡ್ ಜೇಬಿನಿಂದ ರೀಲಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ.

"ನಾನು. ಹೊಳೆಯಲ್ಲಿ ನಿಂತದ್ದು. ಅಂಕಲ್ ಫೋಟೋ ತೆಗೆದ ಮೇಲೆ, ಆಳ ಇಲ್ಲ ಬನ್ನಿ ಅಂತ ಅವರನ್ನು ನಾನೇ ಕರೆದೆ. ಸೆಳೆತ ಬಂತು, ಅವರನ್ನು ಎಳೆದುಕೊಂಡು ಹೋಯಿತು. ಹೆದರಿ ಓಡಿದೆ. ಕಾಪುವಿನ ಮದುವೆ ಸುಳ್ಳು."

"ಕೂಗಿ ಯಾರನ್ನಾದರೂ ಕರೆಯಬಹುದಿತ್ತು," ಎಂದರು ಎಸ್ತರ್. 

"ರೀಲನ್ನು ಬಿಸಿಲಿಗೆ ಹಿಡಿದಿದ್ದರೆ ಮುಗಿಯುತ್ತಿತ್ತು," ಎಂದರು ಶಶಿಕಲಾ.

"ಮನಸ್ಸು ಬರಲಿಲ್ಲ. ಉಳಿದ ಮೂವತ್ತೂ ಆಂಟಿಯ ಫೋಟೋ ಅಂತ ಅಂಕಲ್ ಹೇಳಿದ್ದರು."

ಎಸ್ತರ್ ಡಬ್ಬಿಯನ್ನು ಮುಟ್ಟಲಿಲ್ಲ. ಅಂಗಳಕ್ಕಿಳಿದು ಭಾಗವ್ವನ ಕೈ ಹಿಡಿಯಹೋದರು. ಅವಳು ಚೆಲ್ಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಗಂಟು ಕಟ್ಟುತ್ತಿದ್ದಳು.

"ಗಂಟು ಬಿಚ್ಚೂ ಮೊದ್ಲ ನನ್ನ ಒಂದ್ ಮಾತ್ ಕೇಳಬೇಕಿತ್ರೀ, ಅಮ್ಮಾರ," ಅಂದಳು ಭಾಗವ್ವ.

ಗಂಟನ್ನು ತಲೆಯ ಮೇಲಿಟ್ಟುಕೊಂಡು ಗೇಟು ದಾಟಿದಳು.