ನಾಳೆಯ ವಿಮರ್ಶೆ ಇವತ್ತೇ

ಹೀರೋ ಎಂಟ್ರಿ ಹೇಗಿರಬೇಕು? ಗ್ರೀನ್ ರೂಮಿನ ಬಾಗಿಲು ತಳ್ಳಿ, ಮೊಬೈಲ್ ಎತ್ತಿ ಹಿಡಿದು, ಸ್ಟೈಲಾಗಿ. ನಾನೂ ಹಾಗೇ ನುಗ್ಗಿದೆ.

"ಮೇಡಂ, ನಾಳೆ ಪೇಪರಲ್ಲಿ ಬರೋದನ್ನ ಇವತ್ತೇ ಓದಿ. ಈ ಸುಮಂತ್ ಗಡಿಯಾರಕ್ಕಿಂತ ಮುಂದೆ ಓಡ್ತಾನೆ!"

ಗೆಜ್ಜೆ ಕಟ್ಟುತ್ತಿದ್ದ ನಂದಿತಾ ತಲೆಯೆತ್ತಿದಳು. ಕಾಡಿಗೆ ತೀಡಿದ ಕಣ್ಣು ಮೊದಲು ನಕ್ಕಿತು, ತುಟಿ ಆಮೇಲೆ.

ಕೊಚ್ಚಿಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ನಾನು, ಕನ್ನಡದ ಹುಡುಗ, ಕಲಾ ವರದಿಗಾರ. ಭಾನುವಾರದ ಪುಟ ಶನಿವಾರ ಐದಕ್ಕೇ ಮುಗಿಯಬೇಕು. ನೃತ್ಯ ಶುರುವಾಗುವುದು ಆರೂವರೆಗೆ. ಹಾಗಾಗಿ ರಿಹರ್ಸಲ್ ನೋಡಿಯೇ ವಿಮರ್ಶೆ ಬರೆದುಬಿಡುವುದು ನನ್ನ ಗುಟ್ಟಿನ ಅಭ್ಯಾಸ. ಅವಳ ಮೋಹಿನಿಯಾಟ್ಟಕ್ಕೆ ಒಂದು ದಿನದ ರಿಹರ್ಸಲ್ ಸಾಕಿತ್ತು. ಒಂಬತ್ತು ದಿನ ಹೋಗಿ ಬಾಗಿಲಲ್ಲಿ ನಿಂತಿದ್ದೆ.

ಅವಳು ಓದಿದಳು: 'ಬಾರದ ನಲ್ಲನಿಗಾಗಿ ನಂದಿತಾ ಬಾಗಿಲ ಕಡೆ ತಿರುಗಿದಾಗ, ಆ ನಲ್ಲ ನಾನಾಗಬಾರದಿತ್ತೇ ಅನ್ನಿಸಿತು. ಸಭೆ ಎದ್ದು ನಿಂತಿತು.'

ನಗು ಮಾಯ.

"ನಾನಿನ್ನೂ ಕುಣಿದೇ ಇಲ್ಲ, ಸುಮಂತ್."

"ಕುಣೀತೀರಲ್ಲ! ಕ್ಲೈಮ್ಯಾಕ್ಸ್ ಗೊತ್ತಿದ್ರೆ ಪಿಕ್ಚರ್ ಓಡಲ್ವಾ?"

ಆ ಸಂಜೆ ವೇದಿಕೆಯ ಮೇಲೆ ಕೊನೆಯ ಹಾಡು. ಅವಳು ನಾನು ನಿಂತಿದ್ದ ಬಾಗಿಲ ಕಡೆ ತಿರುಗಿದಳು. ನಿಂತಳು. ಹಾಡು ಮುಂದೆ ಹೋಯಿತು, ಅವಳು ಹೋಗಲಿಲ್ಲ. ಕೈ ಮುಗಿದು ಒಳಗೆ ನಡೆದುಬಿಟ್ಟಳು.

ವಿಮರ್ಶೆ ತಡೆಯಿರಿ ಅನ್ನಲು ಸಂಪಾದಕಿ ಜಾಯ್ಸ್ ಮೇಡಂಗೆ ಫೋನ್ ಮಾಡಿದೆ.

"ಪೇಜ್ ಅಚ್ಚಾಗಿ ವ್ಯಾನ್ ಹತ್ತಿದೆ. ಯಾಕೆ?"

ಮರುದಿನ ಊರು ನಕ್ಕಿತು. ನನ್ನನ್ನು ನೋಡಿ ಅಲ್ಲ, ಅವಳನ್ನು. 'ಕುಣಿಯದೇ ಹೊಗಳಿಸಿಕೊಂಡಳು' ಅಂತ. ಅವಳು ಫೋನ್ ಎತ್ತಲಿಲ್ಲ.

ಮಂಗಳವಾರ ನನ್ನ ಹೆಸರು ಹಾಕಿಯೇ ತಪ್ಪೊಪ್ಪಿಗೆ ಅಚ್ಚು ಮಾಡಿಸಿದೆ: ನೋಡದೇ ಬರೆದವನು ನಾನು, ಇನ್ನು ಹಾಗೆ ಬರೆಯಲ್ಲ, ಅವಳದೇನೂ ತಪ್ಪಿಲ್ಲ. ಬುಧವಾರ ಕಲಾ ಪುಟ ನನ್ನ ಕೈಬಿಟ್ಟಿತು. ಗುರುವಾರ ಕೊಚ್ಚಿ ಪಕ್ಕದ ಆಲುವದಲ್ಲಿ ಅವಳೂರು ತಿರುವನಂತಪುರದ ರೈಲು ಹತ್ತಿದೆ.

ಅಲ್ಲಿ ಶ್ರೀಕಾರ್ಯಂ ಬಡಾವಣೆಯ ಮನೆಯ ಬಾಗಿಲು ತೆರೆದದ್ದು ಅವಳ ಕನ್ನಡತಿ ಅಮ್ಮ ಇಂದುಮತಿ. ಮೇಲಿಂದ ಕೆಳಗೆ ನೋಡಿದರು.

"ನೀನೇನಪ್ಪಾ ಭವಿಷ್ಯ ಬರೆಯೋನು?"

ಒಳಗೆ ನಂದಿತಾ. "ಎಂದಿನಾ ವನ್ನೆ?" ಸಿಟ್ಟು ಬಂದರೆ ಅವಳಿಗೆ ಮಲಯಾಳಂ. ಮತ್ತೆ ಕನ್ನಡಕ್ಕೆ ಇಳಿದಳು. "ಯಾಕೆ ಬಂದೆ?"

"ಒಳ್ಳೇ ಡೈಲಾಗ್ ರೆಡಿ ಮಾಡ್ಕೊಂಡಿದ್ದೆ. ಮರೆತೋಯ್ತು. ಸಾರಿ. ನನ್ನ ತಮಾಷೆಯಿಂದ ನೀನು ಹೆದರಿ ನಿಂತೆ."

"ಹೆದರಿದ್ದಾ? ಮಂಡೂ! ದಡ್ಡ!" ಅವಳು ಕಿಟಕಿ ಕಡೆ ತಿರುಗಿದಳು, ಕಿವಿ ಮಾತ್ರ ಕೆಂಪು. "ಅದು ವಿಮರ್ಶೆ ಅಲ್ಲ ಅಂತ ಓದಿದ ಕೂಡ್ಲೇ ಗೊತ್ತಾಯ್ತು. ಬಾಗಿಲ ಕಡೆ ತಿರುಗಿದ್ರೆ, ಬರೆದೋನು ಅಲ್ಲೇ ನಿಂತಿದ್ದಾನೆ! ಬಾರದೋನಿಗೆ ಕಾಯೋ ಮುಖ ಎಲ್ಲಿಂದ ತರ್ಲಿ?"

ಕೊಚ್ಚಿಯಿಂದ ಒದೆ ತಿನ್ನಲೆಂದೇ ಬಂದಿದ್ದವನು ನಾನು.

"ಈಗ ಹೊರಗೆ ಹೋಗು," ಎಂದಳು.

"ಹಾಂ?"

"ಬಾಗಿಲಾಚೆ. ಕಾಣಿಸ್ಬಾರ್ದು. ನಾನದನ್ನ ಮುಗಿಸ್ಬೇಕು."

ಚಪ್ಪಲಿಗಳ ನಡುವೆ ನಿಂತೆ. ಒಳಗೆ ಮೊಬೈಲಲ್ಲಿ ಅದೇ ಹಾಡು; ಗೆಜ್ಜೆ ನಡೆಯಿತು, ತಡೆಯಿತು, ಕಾಯಿತು. ಈ ಸಲ ಹಾಡಿನ ಕೊನೆಯವರೆಗೂ ನಡೆಯಿತು.

"ಬಾ."

ಒಳಗೆ ಬಂದೆ. ಕುರ್ಚಿಯಲ್ಲಿದ್ದ ಇಂದುಮತಿ ಆಂಟಿ ಕಣ್ಣೊರೆಸಿಕೊಳ್ಳುತ್ತ ಎದ್ದು ನಿಂತಿದ್ದರು.

"ನೋಡು, ಸಭೆ ಎದ್ದು ನಿಂತಿದೆ," ನಂದಿತಾ ಏದುಸಿರಲ್ಲಿ ನಕ್ಕಳು. "ಈಗ ಬರಿ."

"ನೋಡದೇ ಬರೆಯಲ್ಲ ಅಂತ ಪೇಪರಲ್ಲೇ ಹಾಕಿಸಿದ್ದೀನಿ. ಜೀವನಪೂರ್ತಿ ನೋಡಿ, ಆಮೇಲೆ ಬರೀತೀನಿ."

"ಅಮ್ಮಾ," ಎಂದಳು, ಕಣ್ಣು ನನ್ನ ಮೇಲೇ ಇಟ್ಟು, "ಡೈಲಾಗ್ ನೆನಪಾಯ್ತು ಇವನಿಗೆ. ಊಟಕ್ಕೆ ತಟ್ಟೆ ಹಾಕು."