ಮೇಣದ ದೋಣಿ

ಬಕೆಟ್ಟಿನಿಂದ ಬಟ್ಟೆಯನ್ನು ಮೇಲೆತ್ತಿದ ದಿವ್ಯಶ್ರೀ ಹಾಗೇ ನಿಂತುಬಿಟ್ಟಳು. ಬಟ್ಟೆಯ ಮೇಲಿನ ದೋಣಿ ಒಡೆದಿತ್ತು.

ನಿನ್ನೆ ಶಾಲೆಯಲ್ಲಿ ಅವಳೇ ಬರೆದ ದೋಣಿ ಅದು. ಸ್ಮೃತಿ ಟೀಚರ್ ಐದನೇ ಕ್ಲಾಸಿನವರಿಗೆ ಬಾಟಿಕ್ ಹೇಳಿಕೊಟ್ಟಿದ್ದರು. ಸಮುದ್ರದಾಚೆಯ ಜಾವಾ ದ್ವೀಪದಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಕಲಿಸುತ್ತ ಬಂದ ವಿದ್ಯೆಯಂತೆ. ಬಿಳಿ ಬಟ್ಟೆಯ ಮೇಲೆ ಕರಗಿಸಿದ ಮೇಣದಲ್ಲಿ ಚಿತ್ರ ಬರೆಯಬೇಕು. ಆಮೇಲೆ ಬಣ್ಣದ ನೀರಿನಲ್ಲಿ ಅದ್ದಬೇಕು. ಮೇಣ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ.

"ಮೇಣ ತನ್ನ ಅಡಿಯಲ್ಲಿ ಇದ್ದದ್ದನ್ನ ಕಾಯ್ತದೆ ಮಕ್ಕಳೇ. ಬಣ್ಣ ಮನೇಲಿ ಹಾಕಿ, ಸೋಮವಾರ ತನ್ನಿ" ಎಂದು ಟೀಚರ್ ಎಲ್ಲರಿಗೂ ನೀಲಿ ಪುಡಿಯ ಪೊಟ್ಟಣ ಕೊಟ್ಟಿದ್ದರು.

ಉಳಿದವರು ಹೂವು, ನವಿಲು ಎಂದು ಬರೆದರೆ ದಿವ್ಯಶ್ರೀ ಅಪ್ಪನ ದೋಣಿ ಬರೆದಳು. ಅದರಲ್ಲಿ ಟೊಪ್ಪಿ ಹಾಕಿ ಕೂತ ಅಪ್ಪನನ್ನೂ ಬರೆದಳು. ಮನೆಗೆ ತಂದ ಮೇಲೆ ಒಂದು ಚಿಂತೆ ಹತ್ತಿತು. ಶೆಕೆಗೆ ಮೇಣ ಕರಗಿಹೋದರೆ? ಬಟ್ಟೆಯನ್ನು ಮಡಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಮ್ಮ ಮೀನು ಇಡುವ ಐಸ್ ಪೆಟ್ಟಿಗೆಯೊಳಗೆ ತುರುಕಿದಳು. ತನ್ನ ಬುದ್ಧಿಗೆ ತಾನೇ ಭೇಷ್ ಎಂದುಕೊಂಡು ಮಲಗಿದಳು.

ಐಸಿನ ಮೇಲೆ ಕೂತ ಮೇಣ ಬೆಳಗಾಗುವುದರೊಳಗೆ ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಮಡಿಕೆ ಬಿಡಿಸುವಾಗ ಚಟ್ ಚಟ್ ಎಂದದ್ದನ್ನು ಈ ಗಡಿಬಿಡಿಯ ಹುಡುಗಿ ಗಮನಿಸಲೇ ಇಲ್ಲ. ಈಗ ಬಿರುಕುಗಳಲ್ಲೆಲ್ಲ ನೀಲಿ ಬಣ್ಣ ಇಳಿದಿತ್ತು.

ಸಣ್ಣ ಸಣ್ಣ ಗೆರೆಗಳಿಗೆ ಅವಳು ಹೆದರಲಿಲ್ಲ. ಒಂದು ಗೆರೆ ಮಾತ್ರ ದಪ್ಪಗಿತ್ತು. ಅದು ದೋಣಿಯನ್ನು ನಟ್ಟನಡುವೆ ಸೀಳಿತ್ತು. ಅವಳು ನೋಡುತ್ತಿದ್ದಂತೆಯೇ ಆ ಗೆರೆಯಿಂದ ಒಂದು ನೀಲಿ ಎಳೆ ಹೊರಟು, ಮೆಲ್ಲಗೆ ಅಪ್ಪನ ಕಾಲಿನ ಕಡೆ ತೆವಳಿತು.

ಅವಳು ಬಾಗಿಲ ಕಡೆ ತಿರುಗಿದಳು.

"ಅಮ್ಮಾ, ಅಪ್ಪ ಬಂದ್ನಾ?"

"ಇನ್ನೂ ಇಲ್ಲ" ಎಂದಳು ಅಮ್ಮ ಒಳಗಿನಿಂದ.

"ಫೋನ್ ಮಾಡು."

"ಮಾಡ್ದೆ. ತಾಗ್ತಿಲ್ಲ."

ಹೊರಗೆ ಎಂದೂ ಕಾಣದಂಥ ಮಂಜು. ಅಂಗಳದ ತೆಂಗಿನ ಮರವೂ ಕಾಣುತ್ತಿರಲಿಲ್ಲ. ಮನೆಯ ಮುಂದೆಯೇ ಇರಬೇಕಾದ ಸಮುದ್ರದ ಸದ್ದು ಒಮ್ಮೆ ಎಡದಿಂದ, ಒಮ್ಮೆ ಬೆನ್ನ ಹಿಂದಿನಿಂದ ಬಂದಂತಾಗುತ್ತಿತ್ತು. ನಸುಕಿನಲ್ಲಿ ಮೀನಿಗೆ ಹೋದ ದೋಣಿಗಳೆಲ್ಲ ತಿರುಗಿ ಬಂದಿದ್ದವು. ಅಪ್ಪನದೊಂದೇ ಬಾಕಿ. ದಡ ಯಾವ ಕಡೆ ಎಂದು ಅಪ್ಪನಿಗೆ ತಿಳಿಯಲಿ ಎಂದು ಪಕ್ಕದ ಮನೆಯ ಈರಜ್ಜ ನೀರಿನ ಅಂಚಿನಲ್ಲಿ ನಿಂತು ಖಾಲಿ ಡಬ್ಬ ಬಡಿಯುತ್ತಿದ್ದ. ಡಬ್... ಡಬ್... ಆಚೆಯಿಂದ ಉತ್ತರವೇ ಇಲ್ಲ.

ಬಿರುಕು ಮುಚ್ಚಬೇಕು. ಈಗಲೇ ಮುಚ್ಚಬೇಕು! ದಿವ್ಯಶ್ರೀ ಕರೆಂಟು ಹೋದಾಗ ಹಚ್ಚುವ ಕ್ಯಾಂಡಲ್ ತಂದು ಹಚ್ಚಿದಳು. ದಪ್ಪ ಗೆರೆಯ ಮೇಲೆ ಹನಿ ಹನಿಯಾಗಿ ಮೇಣ ಬೀಳಿಸಿದಳು. ಅಪ್ಪನ ಕಾಲಿನ ಹತ್ತಿರ ಎರಡು ಹನಿ ಹೆಚ್ಚೇ ಬೀಳಿಸಿದಳು. ಮೇಣ ಗಟ್ಟಿಯಾಯಿತು.

ಆಗ ಟೀಚರ್ ಹೇಳಿದ್ದು ನೆನಪಾಯಿತು. ಮೇಣ ತನ್ನ ಅಡಿಯಲ್ಲಿ ಇದ್ದದ್ದನ್ನು ಕಾಯುತ್ತದೆ. ಅಡಿಯಲ್ಲಿ ಬಿರುಕಿದ್ದರೆ? ಬಿರುಕನ್ನೂ ಕಾಯುತ್ತದೆ! ಇನ್ನು ಅದು ಹೋಗುವುದೇ ಇಲ್ಲ.

"ಎಂತದೇ ಅದು, ಹಗಲು ಹೊತ್ತಿಗೆ ಕ್ಯಾಂಡಲ್ಲು?" ಎನ್ನುತ್ತ ಅಮ್ಮ ಹೊರಗೆ ಬಂದಳು. ಬಟ್ಟೆ ನೋಡಲು ಬಾಗಿದಳು.

"ಯಾರ ದೋಣಿ?"

"ನಮ್ದು."

"ಕೂತದ್ದು ಯಾರು?"

ದಿವ್ಯಶ್ರೀ ಚಿತ್ರದಲ್ಲಿನ ಟೊಪ್ಪಿಯ ಮೇಲೆ ಬೆರಳಿಟ್ಟಳು. ಅಮ್ಮ ಬಟ್ಟೆಯನ್ನು ತಟ್ಟನೆ ಮಗುಚಿ ಹಾಕಿದಳು. ಬಣ್ಣ ಆ ಮಗ್ಗುಲಿಗೂ ಇಳಿದಿತ್ತು. ಅಲ್ಲೂ ಅದೇ ದೋಣಿ, ಅದೇ ಬಿರುಕು. ಅಮ್ಮನ ಮುಖ ಬಿಳಿಚಿಕೊಂಡಿತು.

"ನಡಿ" ಎಂದು ಮಗಳ ಕೈ ಹಿಡಿದುಕೊಂಡು ಮಂಜಿನೊಳಗೆ ಇಳಿದಳು.

ದಿವ್ಯಶ್ರೀಗೆ ಅಳು ಬಂತು. "ನಾನೇ ಒಡೆದದ್ದಮ್ಮ. ಐಸಲ್ಲಿ ಇಟ್ಟಿದ್ದೆ."

"ಸುಮ್ನಿರು ಮಾರಾಯ್ತಿ. ಬಟ್ಟೆ ಮೇಲೆ ಒಡೆದ್ರೆ ನೀರ ಮೇಲೆ ಒಡೀತದಾ?" ಎಂದಳು ಅಮ್ಮ. ಆದರೆ ಅವಳ ಹಿಡಿತ ಇನ್ನೂ ಬಿಗಿಯಾಯಿತು.

ಈರಜ್ಜ ಡಬ್ಬ ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟ. ಎಲ್ಲೋ ನೀರು ಕಲಕಿದ ಸದ್ದು. ಇಂಜಿನ್ ಸದ್ದಲ್ಲ. ಮತ್ತೆ ಮೌನ. ಅಮ್ಮ ಮೊಣಕಾಲುದ್ದ ನೀರಿಗೆ ಇಳಿದುಬಿಟ್ಟಳು. ಕೈ ಬಿಡದೆ ಇದ್ದುದರಿಂದ ದಿವ್ಯಶ್ರೀಯೂ ಇಳಿದಳು.

ಮಂಜಿನಲ್ಲಿ ಮೊದಲು ದೋಣಿಯ ಮೂತಿ ಕಂಡಿತು. ಆಮೇಲೆ ನಡು. ಆಮೇಲೆ ಹುಟ್ಟು ಹಾಕುತ್ತಿದ್ದ ಅಪ್ಪ.

"ಇಂಜಿನ್ ಬಂದ್ ಬಿತ್ತು! ಡಬ್ಬದ ಸದ್ದು ಹಿಡ್ಕಂಡು ಬಂದೆ ಈರಜ್ಜಾ!" ಎಂದು ಅಪ್ಪ ಕೂಗಿದ.

ದಿವ್ಯಶ್ರೀಗೆ ಹೋದ ಜೀವ ಬಂದಂತಾಯಿತು. ಅಮ್ಮ ಓಡಿಹೋಗಿ ಅಪ್ಪನನ್ನು ಮಾತಾಡಿಸುತ್ತಾಳೆ ಎಂದುಕೊಂಡಳು. ಅಮ್ಮ ನಿಂತಲ್ಲಿಂದಲೇ, "ಗಂಜಿ ತಣ್ಣಗಾತು" ಎಂದಳು, ಅಷ್ಟೇ.

ಅಪ್ಪ, ಈರಜ್ಜ ಇಬ್ಬರೂ ದೋಣಿ ಎಳೆಯತೊಡಗಿದರು. ಅಮ್ಮನ ಸೀರೆಯಿಂದ ನೀರು ಸುರಿಯುತ್ತಿತ್ತು. ಅಪ್ಪ ನಿನ್ನೆಯೂ ಹೋಗಿದ್ದ, ಮೊನ್ನೆಯೂ ಹೋಗಿದ್ದ. ಆಗೆಲ್ಲ ದಿವ್ಯಶ್ರೀ ಹಾಸಿಗೆಯಲ್ಲಿ ಮಲಗಿರುತ್ತಿದ್ದಳು, ಅಮ್ಮ ಎದ್ದೇ ಇರುತ್ತಿದ್ದಳು.

"ಅಮ್ಮಾ, ನಿಂಗೆ ದಿನಾ ಹೀಂಗೇ ಆಗ್ತದಾ?"

"ಎಂತದು?" ಎಂದಳು ಅಮ್ಮ. ಒಂದೇ ಕೈಯಲ್ಲಿ ಸೀರೆಯ ಅಂಚು ಹಿಂಡಿದಳು. "ನಡಿ ನಡಿ, ಮೀನು ಮಾರೂಕೆ ಹೊತ್ತಾತು."

ಅಮ್ಮ ಹಿಡಿದ ಹಿಡಿತಕ್ಕೆ ದಿವ್ಯಶ್ರೀಯ ಬೆರಳು ನೋಯುತ್ತಿದ್ದವು. ಅವಳು ಬಿಡಿಸಿಕೊಳ್ಳಲಿಲ್ಲ.