ಮಧ್ಯದ ಕೊಟೇಶನ್

ಏಣಿ ಸರಿದ ಸದ್ದು ಕೇಳಿತು.

ತಿರುಗಿ ನೋಡುವಷ್ಟರಲ್ಲಿ ಅದು ಅಲ್ಲಿರಲಿಲ್ಲ.

ನಾನು ಐರ್ಲೆಂಡಿನ ಟಾಲಾ ಎಂಬಲ್ಲಿ ಒಂದು ಮನೆಯ ಛಾವಣಿಯ ಮೇಲೆ ಚಿಮಣಿ ತಬ್ಬಿಕೊಂಡು ಕುಳಿತಿದ್ದೆ. ಬೆಳಗಿನ ಹನ್ನೊಂದೂವರೆ. ಬೆಟ್ಟದ ಕಡೆಯಿಂದ ಗಾಳಿ. ಕೆಳಗೆ ಹಿತ್ತಿಲಿನಲ್ಲಿ ಗುರುದತ್ ನಿಂತಿದ್ದರು. ನನ್ನ ಬಾಸ್. ಏಣಿ ಅವರ ಹೆಗಲ ಮೇಲಿತ್ತು.

"ಫೋನ್ ಕೆಳಗೆ ಹಾಕು ವಿನೋದಿನಿ," ಎಂದರು. ಸಿಟ್ಟಿರಲಿಲ್ಲ. ಊಟಕ್ಕೆ ಕರೆಯುವ ದನಿ. "ಹುಲ್ಲಿದೆ, ಒಡೆಯಲ್ಲ. ಆಮೇಲೆ ಏಣಿ ಹಾಕ್ತೀನಿ."

ನಾನು ಬಾಯಿ ಬಿಡಲಿಲ್ಲ. ಅದು ನನಗೆ ಚೆನ್ನಾಗಿ ಬರುವ ಒಂದೇ ಕೆಲಸ.

ಫೋನಿನಲ್ಲಿ ನಲವತ್ತೆರಡು ಫೋಟೋ ಇದ್ದವು. ಎಲ್ಲವೂ ಈ ಛಾವಣಿಯ ಹೆಂಚಿನವು. ಒಂದರಲ್ಲೂ ಬಿರುಕಿಲ್ಲ. ಅದೇ ತೊಂದರೆ!

"ಸರಿ. ಸಂಜೆ ಬಂದು ಇಳಿಸ್ತೀನಿ. ಅಷ್ಟೊತ್ತಿಗೆ ಆಂಟಿ ಸೈನ್ ಮಾಡಿರ್ತಾರೆ."

ತಮ್ಮ ಕಾರನ್ನು ಬೀದಿಯಲ್ಲೇ ಬಿಟ್ಟು, ನಾನು ತಂದಿದ್ದ ಕಂಪನಿ ವ್ಯಾನಿಗೆ ಏಣಿ ಹಾಕಿಕೊಂಡು ಹೊರಟರು. ಬೀಗದಕೈ ಅದರಲ್ಲೇ ಇತ್ತು. ವ್ಯಾನ್ ಎಲ್ಲಿದೆಯೆಂದು ಅವರ ಫೋನಿಗೆ ತೋರಿಸುವ ಟ್ರ್ಯಾಕರ್ ಕೂಡ ಇತ್ತು. ಎರಡನ್ನೂ ಮರೆತಿದ್ದು ನಾನು.

ಇಲ್ಲಿ ಛಾವಣಿ ಬದಲಿಸಲು ಇಷ್ಟೊಂದು ದುಡ್ಡು ಏಕೆ ಎಂದು ಎಲ್ಲರೂ ಕೇಳುತ್ತಾರೆ ಸರ್. ಗುರು ಸರ್ ಬಳಿ ಉತ್ತರ ಸಿದ್ಧವಾಗಿರುತ್ತಿತ್ತು. ಛಾವಣಿ ಕೆಲಸದ ರೂಫರ್‌ಗಳು ಸಿಗುವುದಿಲ್ಲ. ಸ್ಕ್ಯಾಫೋಲ್ಡಿಂಗ್ ಸಾರುವೆ ನಿಂತ ದಿನದಿಂದ ಬಾಡಿಗೆ ಓಡುತ್ತದೆ. ಇನ್ಶೂರೆನ್ಸ್ ಏರಿದೆ. ಹಳೆಯ ಹೆಂಚು ಎಸೆಯಲೂ ದುಡ್ಡು ಕೊಡಬೇಕು. ಮಳೆ ಬಂದರೆ ಕೆಲಸ ನಿಲ್ಲುತ್ತದೆ, ಕೂಲಿ ನಿಲ್ಲುವುದಿಲ್ಲ.

ಎಲ್ಲವೂ ನಿಜ.

ಆ ನಿಜದ ಮೇಲೆ ನಾವು ಇನ್ನೊಂದು ಪದರ ಹಾಕುತ್ತಿದ್ದೆವು. ಹಾಕುತ್ತಿದ್ದವಳು ನಾನು.

ನಮ್ಮವರು ಮೂರು ಕೊಟೇಶನ್ ಇಲ್ಲದೆ ಯಾವುದಕ್ಕೂ ಕೈ ಹಾಕುವುದಿಲ್ಲ. ಗುರು ಸರ್ ಮೂರು ಕಂಪನಿಗಳ ಹೆಸರು ಇಟ್ಟುಕೊಂಡಿದ್ದರು. ಮೂರನ್ನೂ ನಾನೇ ಟೈಪ್ ಮಾಡುತ್ತಿದ್ದೆ. ಒಂದು ಎದೆ ಧಸಕ್ಕೆನ್ನುವಷ್ಟು ದೊಡ್ಡದು. ಇನ್ನೊಂದು ತೀರಾ ಅಗ್ಗ... ಅದರಲ್ಲಿ ಬೇಕೆಂದೇ ನಾಲ್ಕು ತಪ್ಪು ಬಿಡುತ್ತಿದ್ದೆ, ಇನ್ಶೂರೆನ್ಸ್ ನಂಬರನ್ನೂ ಬಿಡುತ್ತಿದ್ದೆ. ಮಧ್ಯದ್ದು ನೀಟು. ಗ್ರ್ಯಾಂಡ್ ಕೆನಾಲ್ ಡಾಕ್‌ನ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಚಿರಾಗ್ ಎಂಬವರು ಮೂರನ್ನೂ ಎಕ್ಸೆಲ್‌ಗೆ ಹಾಕಿ, ಬಣ್ಣ ಬಳಿದು, ಒಂದು ಭಾನುವಾರವಿಡೀ ಹೋಲಿಸಿದರಂತೆ. ಮಧ್ಯದ್ದನ್ನು ಆರಿಸಿದರು.

ಎಲ್ಲರೂ ಮಧ್ಯದ್ದನ್ನೇ ಆರಿಸುತ್ತಾರೆ.

ಆಮೇಲೆ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕುತ್ತಾರೆ. ನಮ್ಮದು ಇಪ್ಪತ್ತನಾಲ್ಕು ಸಾವಿರ ಯೂರೋ ಆಯಿತು, ಕೆಲಸ ಗ್ರ್ಯಾಂಡ್. ಅಲ್ಲಿಗೆ ಅದೇ ರೇಟು! ಮುಂದಿನವರಿಗೆ ಅದರ ಮೇಲೆ ಐನೂರು ಸೇರಿಸಿ ಬರೆಯುತ್ತಿದ್ದೆ. ಒಬ್ಬರೂ ಚೌಕಾಸಿ ಮಾಡುತ್ತಿರಲಿಲ್ಲ. ಗ್ರೂಪಿನ ರೇಟಲ್ಲವೇ.

ಫೋಟೋಗಳ ಕತೆ ಬೇರೆ. ಡ್ರೋಹೆಡಾ ಊರಿನ ಹೊರಗೆ ಒಂದು ಪಾಳುಮನೆ ಇದೆ. ಅದರ ಛಾವಣಿಯನ್ನು ಬಿಸಿಲಿನಲ್ಲಿ, ಮೋಡದಲ್ಲಿ, ಹತ್ತಿರದಿಂದ, ದೂರದಿಂದ ತೆಗೆದಿಟ್ಟುಕೊಂಡಿದ್ದೆ. ಆ ಒಂದು ಮನೆಯ ಬಿರುಕುಗಳು ಹದಿನೆಂಟು ಮನೆಗಳಿಗೆ ಹೊಸ ಛಾವಣಿ ಹಾಕಿಸಿದವು.

ಜನ ನಂಬಿದ್ದು ನನ್ನ ಮುಖ ನೋಡಿ. ಹದಿನಾರಕ್ಕೆ ಶಾಲೆ ಬಿಟ್ಟವಳು ನಾನು. ಕ್ಲಾಸಿನಲ್ಲಿ ಎದ್ದು ನಿಂತರೆ ನಾಲಿಗೆ ಏಳುತ್ತಿರಲಿಲ್ಲ. ಗುರು ಸರ್ ಕೆಲಸ ಕೊಟ್ಟ ದಿನವೇ ಹೇಳಿದ್ದರು... ಮಾತಾಡದ ಹುಡುಗಿ ಸುಳ್ಳು ಹೇಳುತ್ತಾಳೆಂದು ಯಾರಿಗೂ ಅನಿಸುವುದಿಲ್ಲ, ಅದೇ ನಿನ್ನ ಡಿಗ್ರಿ.

ಹತ್ತೊಂಬತ್ತನೆಯವರು ವೇದಾವತಿ ಆಂಟಿ.

ಐವತ್ತೆಂಟು ವರ್ಷ. ಒಬ್ಬರೇ ಇರುವುದು. ನರ್ಸಿಂಗ್ ಹೋಮಿನಲ್ಲಿ ವಯಸ್ಸಾದವರನ್ನು ಎತ್ತಿ, ಕೂರಿಸಿ, ತೊಳೆಯುವ ಕೆಲಸ. ಬಲಭುಜ ಹೋಗಿದೆ. ಈ ಬೇಸಿಗೆಗೆ ಕೆಲಸ ಬಿಡುತ್ತೇನೆಂದು ಬರೆದುಕೊಟ್ಟಿದ್ದರು. ಅಷ್ಟರಲ್ಲಿ ಮಲಗುವ ಕೋಣೆಯ ಸೀಲಿಂಗ್ ಮೇಲೆ ನೀರಿನ ಕಲೆ. ಗ್ರೂಪಿನಲ್ಲಿ ಕೇಳಿದರು. ನಾವು ಹೋದೆವು. ನಾನು ಪಾಳುಮನೆಯ ಫೋಟೋ ತೋರಿಸಿದೆ.

ಹೊಸ ಛಾವಣಿಯ ಸಾಲ ತೀರಲು ಇನ್ನೂ ಏಳು ವರ್ಷ ಅದೇ ಭುಜದಲ್ಲಿ ಎತ್ತಬೇಕು. ಬರೆದುಕೊಟ್ಟಿದ್ದನ್ನು ಹಿಂದಕ್ಕೆ ಪಡೆದರು.

ಆ ದಿನ ಅವರು ಗುರು ಸರ್ ಮಾತನ್ನೆಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ನೀನೇ ಹತ್ತಿ ನೋಡಿದ್ಯೇನಮ್ಮಾ?"

ಹೌದೆಂದು ತಲೆಯಾಡಿಸಿದೆ.

"ಹಾಗಾದ್ರೆ ಸರಿ."

ಹತ್ತಿರಲೇ ಇಲ್ಲ ಸರ್. ಏಣಿಯ ನಾಲ್ಕನೆಯ ಮೆಟ್ಟಿಲಿಗೇ ಹೆದರಿ ಇಳಿದುಬಿಟ್ಟಿದ್ದೆ.

ನಾನು ತಲೆಯಾಡಿಸಿದ್ದನ್ನೇ ಸಾಕ್ಷಿ ಎಂದುಕೊಂಡವರು ಜೀವನದಲ್ಲಿ ಅವರೊಬ್ಬರೇ. ಮೂರು ವಾರ ಅನ್ನ ಸೇರಲಿಲ್ಲ. ಸೈನ್ ಮಾಡುವ ದಿನ ಬಂತು. ಮಧ್ಯಾಹ್ನ ಹನ್ನೆರಡೂವರೆ, ಶಾಪಿಂಗ್ ಸೆಂಟರಿನ ಕಾಫಿ ಅಂಗಡಿ, ಅಲ್ಲಿಂದ ನೇರ ಸಾಲ ಕೊಡುವ ಕ್ರೆಡಿಟ್ ಯೂನಿಯನ್. ಆಂಟಿ ಡ್ಯೂಟಿಯಲ್ಲಿದ್ದಾಗ ಅವರ ಛಾವಣಿಯನ್ನು ನಿಜಕ್ಕೂ ಹತ್ತಿ ನೋಡೋಣವೆಂದು ಹೋದೆ.

ಈಗ ಏಣಿ ಇಲ್ಲ. ಆಂಟಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಡ್ಯೂಟಿಯಲ್ಲಿ ಅವರ ಫೋನ್ ಲಾಕರಿನಲ್ಲಿರುತ್ತದೆ. ಮೆಸೇಜ್ ಹಾಕಿದೆ. ಒಂದೇ ಟಿಕ್.

ಸಾಲುಮನೆಗಳು. ಛಾವಣಿಗೆ ಛಾವಣಿ ಅಂಟಿಕೊಂಡಿತ್ತು. ಐದನೆಯ ಮನೆಗೆ ಸ್ಕ್ಯಾಫೋಲ್ಡಿಂಗ್ ಕಟ್ಟಿದ್ದರು.

ನೆತ್ತಿಯ ಹೆಂಚುಗಳ ಮೇಲೆ ಎರಡೂ ಕಡೆ ಕಾಲು ಇಳಿಬಿಟ್ಟು ಜರುಗತೊಡಗಿದೆ. ಒಂದು ಮನೆ. ಎರಡು. ಮೂರನೆಯದರ ಮೇಲೆ ಪಾಚಿ...

ಜಾರಿದೆ!

ಹೊಟ್ಟೆ ಹೆಂಚಿಗೆ ಉಜ್ಜಿಕೊಂಡು ಕೆಳಗೆ ಹೋಯಿತು. ಛಾವಣಿಯಂಚಿನ ಮಳೆನೀರಿನ ದೋಣಿ ಹತ್ತಿರ ಬಂತು. ಅದರಾಚೆ ಏನೂ ಇಲ್ಲ. ಕೈಗೆ ಡಿಶ್ ಆಂಟೆನಾದ ಕಂಬಿ ಸಿಕ್ಕಿತು. ಬಾಗಿತು. ಮುರಿಯಲಿಲ್ಲ.

ಅಲ್ಲೇ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಮತ್ತೆ ಹತ್ತಿದೆ.

ಸ್ಕ್ಯಾಫೋಲ್ಡಿಂಗ್ ಮೇಲೆ ಬಿಳಿಗಡ್ಡದ ಐರಿಶ್ ಕೆಲಸಗಾರ ಚಹಾ ಕುಡಿಯುತ್ತಿದ್ದ. ಆಕಾಶದಿಂದ ಬಂದವಳನ್ನು ನೋಡಿ ಹುಷಾರಾಗಿದ್ದೀಯಾ ಎಂದು ಕೇಳಿದ. ಗ್ರ್ಯಾಂಡ್, ಅಂದರೆ ಚೆನ್ನಾಗಿದ್ದೇನೆ, ಎಂದೆ. ಅಂಗೈ ಸುಲಿದು ರಕ್ತ ಸೋರುತ್ತಿತ್ತು. ಈ ದೇಶದಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರವಿಲ್ಲ.

ಅವನ ಏಣಿಯಿಂದ ಇಳಿದು ಓಡಿದೆ. ಹನ್ನೆರಡು ಹತ್ತು.

ಹಸಿರು ಮೈದಾನ ದಾಟುವಾಗ ಫೋನ್ ಬಡಿಯಿತು. ಗುರು ಸರ್. ನನ್ನ ಏದುಸಿರು ಕೇಳಿಸಿತೇನೋ, ಸ್ವಲ್ಪ ನಕ್ಕರು.

"ಇಳಿದುಬಿಟ್ಯಾ? ಪರವಾಗಿಲ್ಲ ನೀನು. ಒಂದ್ ವಿಷಯ ನೆನಪಿಟ್ಕೋ. ಮೂರೂ ಕೊಟೇಶನ್ ಹೋಗಿರೋದು ನಿನ್ನ ಲ್ಯಾಪ್‌ಟಾಪಿಂದ. ಫೋಟೋ ನಿನ್ನದು. ಗಾರ್ಡಾ ಬಂದ್ರೆ ಪೊಲೀಸ್ ಸ್ಟೇಷನ್ ಕಾಫಿ ನಿನಗೇ, ನನಗಲ್ಲ. ಮನೆಗೆ ಹೋಗು."

ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಕಾಲು ನಿಂತಿತು. ಒಂದು ನಿಮಿಷ ನಿಂತೇ ಇತ್ತು ಸರ್, ಮುಚ್ಚಿಡುವುದಿಲ್ಲ.

ಆಮೇಲೆ ಮತ್ತೆ ಓಡಿತು.

ಕಾಫಿ ಅಂಗಡಿಯ ಮೂಲೆಯ ಮೇಜು. ಆಂಟಿ ನರ್ಸಿಂಗ್ ಹೋಮಿನ ನೀಲಿ ಅಂಗಿಯಲ್ಲೇ ಬಂದಿದ್ದರು. ಮುಂದೆ ಮೂರು ಕೊಟೇಶನ್ ಸಾಲಾಗಿ ಜೋಡಿಸಿತ್ತು. ಮಧ್ಯದ್ದರ ಮೇಲೆ ಅವರ ಕೈ. ಕೈಯಲ್ಲಿ ಪೆನ್ನು. ಎದುರಿಗೆ ಗುರು ಸರ್, ಆಂಟಿಯ ಕಾಫಿಗೆ ಸಕ್ಕರೆ ಕಲಸಿ ಕೊಡುತ್ತಿದ್ದರು.

ನಾನು ಮೇಜಿನ ಮುಂದೆ ನಿಂತೆ. ಅಂಗಡಿಯೆಲ್ಲ ಜನ. ನಾಲಿಗೆ ಏಳಲಿಲ್ಲ. ಮತ್ತೆ ಕ್ಲಾಸ್ ರೂಮು.

"ಕೂತ್ಕೋ ಬಾ," ಎಂದರು ಆಂಟಿ. "ಕೈಗೇನಾಯ್ತು?"

"ಮೂರೂ ನಾನೇ ಬರೆದಿದ್ದು ಆಂಟಿ."

ಅಷ್ಟೇ ಬಂದಿದ್ದು. ಉಳಿದಿದ್ದು ಆಮೇಲೆ ತಾನಾಗಿ ಬಂತು. ಡ್ರೋಹೆಡಾ, ಪಾಳುಮನೆ, ನಾಲ್ಕನೆಯ ಮೆಟ್ಟಿಲು. ಫೋನ್ ತೆಗೆದು ಅವರ ಛಾವಣಿಯ ನಿಜವಾದ ಫೋಟೋ ತೋರಿಸಿದೆ. ಹೆಂಚು ಗಟ್ಟಿಯಾಗಿದೆ, ಚಿಮಣಿ ಬುಡದ ಸೀಸದ ಪಟ್ಟಿ ಒಂದಿಷ್ಟು ಎದ್ದಿದೆ, ನೀರು ಇಳಿಯುವುದು ಅಲ್ಲಿಂದ, ಅಷ್ಟೇ ಎಂದೆ.

ಗುರು ಸರ್ ತಡೆಯಲಿಲ್ಲ. ನಾನು ಮುಗಿಸುವವರೆಗೆ ಕಾದು, ಆಂಟಿಗೆ ಒಂದೇ ಮಾತು ಹೇಳಿದರು.

"ಆ ಫೋಟೋ ಬೇರೆ ಮನೇದು ಅಂತಾಳೆ. ಇದು ನಿಮ್ಮ ಮನೇದೇ ಅಂತ ಹೆಂಗ್ ನಂಬ್ತೀರಾ?"



ಹೆಂಚಿಗೆ ಹೆಸರು ಬರೆದಿರುವುದಿಲ್ಲ. ಹದಿನೆಂಟು ಸಲ ನನಗೆ ಅನುಕೂಲವಾಗಿದ್ದೂ ಅದೇ.

ಆಂಟಿ ನನ್ನನ್ನು ನೋಡಿದರು. ಆ ನೋಟದಲ್ಲಿ 'ಹಾಗಾದ್ರೆ ಸರಿ' ಇರಲಿಲ್ಲ. ಪೆನ್ನು ಇನ್ನೂ ಕಾಗದದ ಮೇಲೇ ಇತ್ತು.

"ನಂಬಬೇಡಿ ಆಂಟಿ," ಎಂದೆ. "ನನ್ನನ್ನೂ ನಂಬಬೇಡಿ. ನಿಮ್ಮ ಅಟ್ಟ ಹತ್ತಿ ನೋಡಿ. ಛಾವಣಿಯ ಒಳಮೈ ಅಲ್ಲಿ ಕಾಣುತ್ತೆ."

ಆ ಮನೆಯಲ್ಲಿ ಹನ್ನೊಂದು ವರ್ಷ ಇದ್ದಾರೆ. ಅಟ್ಟದ ಮುಚ್ಚಳ ಒಮ್ಮೆಯೂ ತೆಗೆದಿಲ್ಲ. ಹದಿನೆಂಟು ಮನೆಯವರೂ ತೆಗೆದಿರಲಿಲ್ಲ. ಎಕ್ಸೆಲ್ ತೆಗೆದಿದ್ದರು, ಗ್ರೂಪ್ ತೆಗೆದಿದ್ದರು... ತಲೆಯ ಮೇಲಿನ ಎರಡಡಿ ಹಲಗೆ ತೆಗೆದಿರಲಿಲ್ಲ.

ಅಟ್ಟ ಸೇಫ್ ಅಲ್ಲ, ಕಾಲು ಸೀಲಿಂಗ್ ತೂರಿ ಹೋಗುತ್ತದೆ, ಇನ್ಶೂರೆನ್ಸ್ ಬರುವುದಿಲ್ಲ ಎಂದು ಗುರು ಸರ್ ಮೊದಲ ಸಲ ಅವಸರವಾಗಿ ಮಾತಾಡಿದರು. ಆಂಟಿ ಕೇಳಿಸಿಕೊಂಡರು. ಮೂವತ್ತು ವರ್ಷ ರೋಗಿಗಳ ಮುಖ ನೋಡಿದವರು. ಅವಸರ ಎಂದರೇನೆಂದು ಗೊತ್ತು.

ಪೆನ್ನಿನ ಮುಚ್ಚಳ ಹಾಕಿದರು.

"ವ್ಯಾನಲ್ಲಿ ಏಣಿ ಇದೆಯಲ್ವಾ ಗುರುದತ್? ನಡೀರಿ, ಮೂರೂ ಜನ ಹೋಗೋಣ."

ಮೂವರೂ ವ್ಯಾನ್ ಹತ್ತಿದೆವು. ರೇಡಿಯೋದಲ್ಲಿ ಯಾರೋ ಮಳೆ ಬರುತ್ತದೆ ಎಂದ.

ಮೆಟ್ಟಿಲ ಮೇಲಿನ ಪಡಸಾಲೆಯಲ್ಲಿ ಏಣಿ ನಿಲ್ಲಿಸಿದರು. ಆಂಟಿ ಬಲಗೈ ಎತ್ತಲಾಗದೆ ಎಡಗೈಯಲ್ಲೇ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಕೆಳಗೆ ಏಣಿ ಅಲುಗದಂತೆ ಹಿಡಿದಿದ್ದವರು ಗುರು ಸರ್. ಹಿಡಿಯಲೇಬೇಕಿತ್ತು. ಬಿದ್ದರೆ ಸೈನ್ ಇಲ್ಲ!

ನಾನು ಹಿಂದೆಯೇ ಹತ್ತಿ ಟಾರ್ಚ್ ಹಿಡಿದೆ.

ಆಂಟಿ ಮರದ ತೊಲೆಗಳ ಮೇಲೆ ಅಂಗೈ ಇಟ್ಟರು. ಒಂದಾದ ಮೇಲೆ ಒಂದು. ಜ್ವರ ನೋಡುವ ಹಾಗೆ. ಒಣ ಮರ. ಹೆಂಚಿನ ಕೆಳಗಿನ ಕಪ್ಪು ಹಾಳೆ ಬಿಗಿಯಾಗಿತ್ತು, ಹರಿದಿರಲಿಲ್ಲ. ಚಿಮಣಿಯ ಪಕ್ಕ ಒಂದು ತಟ್ಟೆಯಷ್ಟು ಒದ್ದೆ. ಅಷ್ಟೇ.

ಆಂಟಿ ಒದ್ದೆಯಾದ ಬೆರಳನ್ನು ನೀಲಿ ಅಂಗಿಗೆ ಒರೆಸಿಕೊಂಡರು.

"ಎಷ್ಟು ಮನೆ ಅಂದೆ?"

"ಹದಿನೆಂಟು."

"ಎಲ್ಲರಿಗೂ ಹೇಳು. ಗ್ರೂಪಲ್ಲಿ ನಾನು ಹಾಕ್ತೀನಿ, ಮನೆಮನೆಗೆ ನೀನು ಹೋಗು. ತಲೆಯಾಡಿಸಿದ್ದು ನೀನಲ್ವಾ."

ಕೆಳಗಿನಿಂದ ಗುರು ಸರ್ ದನಿ ಬಂತು. ಮತ್ತೆ ಆ ಊಟಕ್ಕೆ ಕರೆಯುವ ದನಿ.

"ಹಾಕಿ ಆಂಟಿ. ಒಬ್ಬರೂ ಒಪ್ಪಲ್ಲ, ನೋಡ್ತಿರಿ."

ಮರುದಿನ ಐದನೆಯ ಮನೆಯ ಬಿಳಿಗಡ್ಡದವನೇ ಬಂದು ಸೀಸದ ಪಟ್ಟಿ ಸರಿಮಾಡಿಕೊಟ್ಟ. ಒಂದೂವರೆ ಗಂಟೆಯ ಕೆಲಸ. ಆಂಟಿ ನರ್ಸಿಂಗ್ ಹೋಮಿಗೆ ಮತ್ತೆ ಬರೆದುಕೊಟ್ಟರು. ಆಗಸ್ಟ್ ಅವರ ಕೆಲಸದ ಕೊನೆಯ ತಿಂಗಳು.

ಗ್ರೂಪಿನಲ್ಲಿ ಅವರು ಎಲ್ಲವನ್ನೂ ಬರೆದರು. ಮೊದಲ ಉತ್ತರ ಚಿರಾಗ್ ಅವರದು. ಒಳಗಿನಿಂದ ನೋಡಿದರೆ ಹಾಗೇ ಕಾಣುತ್ತದೆ ಆಂಟಿ, ನಮ್ಮದು ವರ್ತ್ ಇತ್ತು. ಅದಕ್ಕೆ ಹದಿನಾಲ್ಕು ಹೆಬ್ಬೆರಳು. ಆಮೇಲೆ ಯಾರೋ ದೋಸೆ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅಲ್ಲಿಗೆ ಮುಗಿಯಿತು. ಗುರು ಸರ್ ಒಂದಕ್ಷರ ಬರೆಯಲಿಲ್ಲ. ಬರೆಯುವ ಅಗತ್ಯವೇ ಬೀಳಲಿಲ್ಲ. ಈ ವಾರ ಅವರ ರೇಟು ಇನ್ನೂ ಐನೂರು ಏರಿದೆ.

ನಾನು ಗಾರ್ಡಾ ಸ್ಟೇಷನ್ನಿಗೆ ಹೋಗಿ ನನ್ನ ತಪ್ಪನ್ನೆಲ್ಲ ಬರೆದುಕೊಟ್ಟೆ. ಚೆನ್ನಾಗಿ ಮಾತಾಡಿಸಿದರು. ದುಡ್ಡು ಕಳೆದುಕೊಂಡವರು ಯಾರಾದರೂ ಬಂದು ದೂರು ಕೊಟ್ಟರೆ ಕೇಸು ಗಟ್ಟಿಯಾಗುತ್ತದೆ ಎಂದರು. ಯಾರಾದರೂ ಒಬ್ಬರು.

ಹದಿನೇಳು ಮನೆಗೆ ಹೋಗಿಬಂದೆ ಸರ್. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೂ ಬಾಗಿಲು ಮೆಲ್ಲಗೆ ಮುಚ್ಚಿ, ದನಿ ತಗ್ಗಿಸಿ, ಬೇರೆಯವರಿಗೆ ಹೇಳಬೇಡ ಎಂದರು. ಒಬ್ಬರಿಗೆ ಹೆಂಡತಿಗೆ ಗೊತ್ತಾಗುತ್ತದೆಂಬ ಭಯ. ಒಬ್ಬರು ತಮ್ಮ ಆಫೀಸಿನ ಮೂವರಿಗೆ ಗುರು ಸರ್ ನಂಬರ್ ಕೊಟ್ಟಿದ್ದರು.

ಹದಿನೆಂಟನೆಯವರು ನೀವು. ಅಕ್ಕಪಕ್ಕದವರಿಗೆ ಕೇಳಿಸೀತೆಂದು ಕಿಟಕಿ ಮುಚ್ಚಬೇಡಿ ಸರ್. ಹೊರಗಿನಿಂದ ನೋಡಿಕೊಂಡೇ ಬಂದೆ. ನಿಮ್ಮ ಹೊಸ ಛಾವಣಿ ತುಂಬಾ ಚೆನ್ನಾಗಿದೆ.

ಹಳೆಯದೂ ಚೆನ್ನಾಗಿಯೇ ಇತ್ತು.